ಹೊಸಿಲಲ್ಲೇ ನಿಲ್ಲುವ ಸಿಗ್ನಲ್

ಹಳೆಯ ನಂಬರನ್ನೇ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಆದ ಮೇಲೆ ನನ್ನ ಫೋನು ಮನೆಯೊಳಗೆ ಹೆಚ್ಚುಕಡಿಮೆ ಮೂಕವಾಗಿದೆ. ಬಾಲ್ಕನಿಯಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ, ಮಲಗುವ ಕೋಣೆಯಲ್ಲಿ ಮಾತ್ರ ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಮನೆಯೂ ಅದೇ, ಫೋನೂ ಅದೇ. ಬದಲಾದದ್ದು ಸಿಮ್ ಒಂದೇ.

ಕಂಪನಿಯ ನಕ್ಷೆಯಲ್ಲಿ ನಮ್ಮ ಬೀದಿಗೆ ಗಾಢ ಬಣ್ಣ ಬಳಿದಿದೆ. ಅದನ್ನು ಸುಳ್ಳೆನ್ನಲಾರೆ. ಇಂತಹ ನಕ್ಷೆಗಳು ಸಾಮಾನ್ಯವಾಗಿ ಟವರಿನ ಎತ್ತರ, ದೂರ, ನೆಲದ ಏರಿಳಿತಗಳನ್ನು ಲೆಕ್ಕ ಹಾಕಿ ಬಯಲಿನಲ್ಲಿ ಸಿಗಬಹುದಾದ ಸಿಗ್ನಲನ್ನು ಅಂದಾಜು ಮಾಡುತ್ತವೆಯೇ ಹೊರತು ನನ್ನ ಗೋಡೆಯ ದಪ್ಪ ಅವುಗಳಿಗೆ ತಿಳಿದಿರುವುದಿಲ್ಲ. ಟವರ್ ಹತ್ತಿರವಿದ್ದ ಮಾತ್ರಕ್ಕೆ ಸಾಲದು. ಅದು ಯಾವ ಆವರ್ತನದಲ್ಲಿ ಮಾತನಾಡುತ್ತದೆ ಎಂಬುದೂ ಮುಖ್ಯ. 700ರಿಂದ 900 ಮೆಗಾಹರ್ಟ್ಸ್‌ವರೆಗಿನ ಅಲೆಗಳು ಗೋಡೆಗಳನ್ನು ತಕ್ಕಮಟ್ಟಿಗೆ ದಾಟಿ ಬರುತ್ತವೆ. 2300 ಅಥವಾ 3500 ಮೆಗಾಹರ್ಟ್ಸ್‌ನ ಅಲೆಗಳು ಡೇಟಾವನ್ನು ಧಾರಾಳವಾಗಿ ಹೊತ್ತು ತಂದರೂ, ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನಲ್ಲಿ, ಬಿಸಿಲು ತಡೆಯಲು ತೆಳುವಾದ ಲೋಹದ ಲೇಪ ಕೊಟ್ಟ ಕಿಟಕಿಯ ಗಾಜಿನಲ್ಲಿ ಬಹುಪಾಲು ಸೊರಗಿಹೋಗುತ್ತವೆ.

ಪರದೆಯ ಮೇಲಿನ ಕಡ್ಡಿಗಳನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಕರು ತಮ್ಮತಮ್ಮ ಇಷ್ಟದಂತೆ ನಿಗದಿ ಮಾಡುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್ ಒಳಗಿನ ಸಿಮ್ ಸ್ಟೇಟಸ್ ಪುಟದಲ್ಲಿ ಸಿಗ್ನಲಿನ ಬಲವನ್ನು ತೋರಿಸುವ ಡಿಬಿಎಂ ಲೆಕ್ಕ ಸಿಗುತ್ತದೆ. ನನಗೆ ಬಾಲ್ಕನಿಯಲ್ಲಿ −85, ಮಲಗುವ ಕೋಣೆಯಲ್ಲಿ −115 ಕಾಣುತ್ತದೆ. ನೋಡಲು ಸಣ್ಣ ಅಂತರವೆನಿಸಿದರೂ ಈ ಮಾಪನದಲ್ಲಿ ಪ್ರತಿ 10 ಕುಸಿತಕ್ಕೂ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಳಕೋಣೆಗೆ ತಲುಪುತ್ತಿರುವುದು ಬಾಲ್ಕನಿಯ ಸಾವಿರದ ಒಂದು ಪಾಲು. ಟವರಿಗೆ ಕೇಳಿಸಲೆಂದು ಫೋನು ತನ್ನ ದನಿಯನ್ನು ಏರಿಸುತ್ತಲೇ ಇರುವುದರಿಂದ ಬ್ಯಾಟರಿಯೂ ಸಂಜೆಗೆ ಮೊದಲೇ ಮುಗಿಯುತ್ತದೆ.

ಗ್ರಾಹಕ ಸೇವೆಯವರು ಫೋನನ್ನು ಆರಿಸಿ ಮತ್ತೆ ಹಚ್ಚಲು ಹೇಳಿದರು. ಗೋಡೆಗೆ ಅದರಿಂದ ಏನಾಗುತ್ತದೆಯೋ ಕಾಣೆ.

ಸದ್ಯಕ್ಕೆ ಕೈ ಹಿಡಿದಿರುವುದು ವೈಫೈ ಕಾಲಿಂಗ್: ಕರೆಯು ಟವರಿನ ಬದಲು ಮನೆಯ ಇಂಟರ್ನೆಟ್ ಮೂಲಕ ಸಾಗುತ್ತದೆ. ಆದರೆ ಫೋನು, ಕಂಪನಿ ಎರಡೂ ಇದಕ್ಕೆ ಅವಕಾಶ ಕೊಟ್ಟಿರಬೇಕು, ಮತ್ತು ಕರೆಂಟ್ ಹೋಗಿ ರೂಟರ್ ನಿಂತರೆ ಕರೆಯೂ ನಿಲ್ಲುತ್ತದೆ. ಅಂಗಡಿಗಳಲ್ಲಿ ಸಿಗುವ, ಸಿಗ್ನಲ್ ಹೆಚ್ಚಿಸುವ ಬೂಸ್ಟರ್‌ಗಳ ಗೋಜಿಗೆ ನಾನು ಹೋಗಿಲ್ಲ. ಅವು ಸುತ್ತಲಿನವರ ಸಂಪರ್ಕವನ್ನೂ ಕೆಡಿಸಬಲ್ಲವು, ಅನುಮತಿಯಿಲ್ಲದೆ ಬಳಸುವುದು ಅನೇಕ ದೇಶಗಳಲ್ಲಿ ಅಪರಾಧ. ಈಗ ಫೋನಿನ ಎರಡನೆಯ ಸಿಮ್ ಜಾಗದಲ್ಲಿ ಇನ್ನೊಂದು ಕಂಪನಿಯ ಪ್ರಿಪೇಯ್ಡ್ ಸಿಮ್ ಹಾಕಿ, ಅದೇ ಮಲಗುವ ಕೋಣೆಯಲ್ಲಿ ಎರಡರ ಅಂಕಿಗಳನ್ನೂ ಹೋಲಿಸುತ್ತಿದ್ದೇನೆ. ಮುಂದಿನ ಪೋರ್ಟ್ ಆ ಅಂಕಿಗಳನ್ನು ನೋಡಿದ ಮೇಲೆಯೇ.