ಮಾಧ್ಯಮ ನೀತಿಯನ್ನು ಪಾಠ ಹೇಳಿ ಕಲಿಸಬಹುದೇ?

ಸುದ್ದಿಮನೆಯ ಕೆಲಸ ಬಿಟ್ಟು ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ನೀತಿಯ ಪಾಠ ಹೇಳತೊಡಗಿದಾಗಿನಿಂದ ಹಳೆಯ ಸಹೋದ್ಯೋಗಿಗಳೂ ಹೊಸ ವಿದ್ಯಾರ್ಥಿಗಳೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಪ್ರಾಮಾಣಿಕತೆಯನ್ನು ಪಠ್ಯಕ್ರಮಕ್ಕೆ ಸೇರಿಸಿ, ಅಂಕ ಕೊಟ್ಟು ಕಲಿಸಲು ಸಾಧ್ಯವೇ? ಸಾಧ್ಯವಿಲ್ಲ. ಆದರೆ ಸುದ್ದಿ ಅಚ್ಚಿಗೆ ಹೋಗುವ ಮುನ್ನ ಯಾರು ಯಾರನ್ನು ಏನು ಕೇಳಬೇಕು ಎಂಬುದನ್ನು ಕಲಿಸಬಹುದು, ನಾನು ಕಲಿಸುವುದೂ ಅಷ್ಟನ್ನೇ.

ಇದಕ್ಕೆ ನಾನು ಹೆಚ್ಚು ಬಳಸುವುದು ಜಾನೆಟ್ ಕುಕ್ ಪ್ರಕರಣವನ್ನು. 1980ರ ಸೆಪ್ಟೆಂಬರ್‌ನಲ್ಲಿ ಈ ವರದಿಗಾರ್ತಿ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಬಾಲಕನ ಬಗ್ಗೆ ಬರೆದರು. ಪೊಲೀಸರು ಹುಡುಕಿದರೂ ಬಾಲಕ ಸಿಗಲಿಲ್ಲ, ಸುದ್ದಿಮನೆಯೊಳಗೇ ಕೆಲವರಿಗೆ ಅನುಮಾನವಿತ್ತು. ಆದರೂ 1981ರ ಏಪ್ರಿಲ್‌ನಲ್ಲಿ ಆ ವರದಿಗೆ ಅಮೆರಿಕದ ಪತ್ರಕರ್ತರಿಗೆ ಸಿಗುವ ಅತಿ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಕಟ್ಟುಕಥೆಯೆಂಬುದು ಬಯಲಾದದ್ದು ಪ್ರಶಸ್ತಿಯ ನಂತರ, ಅದೂ ಅವರು ಹೇಳಿಕೊಂಡಿದ್ದ ವಿದ್ಯಾರ್ಹತೆ ತಾಳೆಯಾಗದ ಕಾರಣಕ್ಕೆ. ಪ್ರಶಸ್ತಿಯನ್ನು ಹಿಂದಿರುಗಿಸಲಾಯಿತು.

ಆಕೆ ಸುಳ್ಳು ಹೇಳಿದರು ಎಂದು ತೀರ್ಮಾನಿಸಿ ವಿದ್ಯಾರ್ಥಿಗಳು ಚರ್ಚೆ ಮುಗಿಸಲು ನೋಡುತ್ತಾರೆ. ನನಗೆ ಅಲ್ಲಿಂದಲೇ ಪಾಠ ಆರಂಭ. ಸುದ್ದಿಯ ಮೂಲವನ್ನು, ಇಲ್ಲಿ ಬಾಲಕನ ಗುರುತನ್ನು, ಗುಟ್ಟಾಗಿಡುವ ಮಾತು ಕೊಟ್ಟವರು ವರದಿಗಾರರೋ, ಪತ್ರಿಕೆಯೋ? ಪತ್ರಿಕೆಯಾದರೆ ಬಾಲಕನ ಗುರುತು ಒಬ್ಬ ಸಂಪಾದಕರಿಗಾದರೂ ತಿಳಿದಿರಬೇಕಿರಲಿಲ್ಲವೇ? ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ: ವರದಿ ಅಕ್ಷರಶಃ ನಿಜವೇ ಆಗಿದ್ದರೆ, ತಾಯಿಯ ಸಂಗಾತಿಯೇ ಮಗುವಿಗೆ ಮಾದಕ ದ್ರವ್ಯ ಚುಚ್ಚುತ್ತಿದ್ದಾನೆಂದು ತಿಳಿದೂ ಅದನ್ನು ಮುಖಪುಟಕ್ಕೆ ಒಯ್ದು ಮಗುವನ್ನು ಅಲ್ಲೇ ಬಿಟ್ಟುಬರುವುದು ಸರಿಯಾಗುತ್ತಿತ್ತೇ? ತರಗತಿ ಒಡೆದು ಎರಡಾಗುವುದು ಇಲ್ಲಿ.

ನೀತಿಸಂಹಿತೆಗಳಿಗೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಸತ್ಯವನ್ನು ವರದಿ ಮಾಡಿ ಎಂದೂ ಹಾನಿಯನ್ನು ತಗ್ಗಿಸಿ ಎಂದೂ ಅವು ಒಟ್ಟೊಟ್ಟಿಗೆ ಹೇಳುತ್ತವೆ. ಎರಡೂ ಎದುರುಬದುರಾದಾಗ ಸಂಹಿತೆಯನ್ನು ಬಾಯಿಪಾಠ ಮಾಡಿದವನೂ ಮಾಡದವನೂ ಒಂದೇ. ಹಾರ್ವರ್ಡ್ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಪ್ರಾಧ್ಯಾಪಕ ರಾಲ್ಫ್ ಪಾಟರ್ ರೂಪಿಸಿದ ವಿಧಾನ ಅದಕ್ಕಿಂತ ಉಪಯುಕ್ತ: ಸಂಗತಿಗಳೇನು, ಯಾವ ಮೌಲ್ಯಗಳು, ಯಾವ ತತ್ತ್ವ, ನಿಷ್ಠೆ ಯಾರಿಗೆ ಎಂಬ ನಾಲ್ಕು ಹಂತಗಳು. ಮೊದಲ ಮೂರನ್ನು ಜಾಣ ವಿದ್ಯಾರ್ಥಿಗಳು ಸರಾಗವಾಗಿ ತುಂಬುತ್ತಾರೆ. ನಿಷ್ಠೆ ಓದುಗನಿಗೋ, ಸುದ್ದಿಯಲ್ಲಿರುವ ವ್ಯಕ್ತಿಗೋ, ಸಂಬಳ ಕೊಡುವ ಸಂಸ್ಥೆಗೋ ಎಂದಾಗ ಪೆನ್ನು ನಿಲ್ಲುತ್ತದೆ.

ಇಂಥ ಪಾಠದ ಮಿತಿಯನ್ನೂ ಹೇಳಬೇಕು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರ ಜೇಸನ್ ಬ್ಲೇರ್ ಬರೆಯುವುದನ್ನು ಕೂಡಲೇ ನಿಲ್ಲಿಸಬೇಕೆಂದು 2002ರಲ್ಲೇ ಒಬ್ಬ ಸಂಪಾದಕರು ಮೇಲಿನವರಿಗೆ ತಿಳಿಸಿದ್ದರು. ಬ್ಲೇರ್ ಅವರ ಕೃತಿಚೌರ್ಯವೂ ಕಲ್ಪಿತ ವಿವರಗಳೂ ಹೊರಬಂದದ್ದು 2003ರ ಮೇ ತಿಂಗಳಲ್ಲಿ. ಎಚ್ಚರಿಕೆಗೆ ಕಿವಿಗೊಡದ ಸುದ್ದಿಮನೆಯನ್ನು ನನ್ನ ತರಗತಿ ತಿದ್ದಲಾರದು.

ಇನ್ನು ಅಂಕಗಳ ಮಾತು. ಪ್ರಕಟಿಸಬೇಕು ಎಂದವರಿಗೂ ಬೇಡ ಎಂದವರಿಗೂ ನಾನು ಪೂರ್ಣ ಅಂಕ ಕೊಟ್ಟದ್ದುಂಟು, ಏಕೆಂದರೆ ನಾನು ಅಳೆಯುವುದು ಕಾರಣಗಳನ್ನು. ‘ಸಂಪಾದಕರ ಸಲಹೆ ಪಡೆಯುತ್ತೇನೆ’ ಎಂದು ಬರೆದು ಕೈತೊಳೆದುಕೊಳ್ಳುವ ಉತ್ತರಕ್ಕೆ ಮಾತ್ರ ಅಂಕವಿಲ್ಲ. ಸಂಪಾದಕರನ್ನು ಏನು ಕೇಳುತ್ತೀರಿ, ಅವರು ಒಪ್ಪದಿದ್ದರೆ ಮುಂದೇನು ಮಾಡುತ್ತೀರಿ ಎಂಬುದನ್ನೂ ಬರೆಯಬೇಕು.