‘ಸಾರ್, ಅವನಿಗೆ ಸ್ಕೂಲಲ್ಲಿ ಯಾರಾದ್ರೂ ಕಾಟ ಕೊಟ್ಟಿದ್ರಾ?’

ನಾನು ಪತ್ತೇದಾರಿ ಕಥೆ ಬರೆಯುತ್ತೇನೆ. ಕಥೆಯಲ್ಲಿ ಒಂದು ಹೆಣ ಬಿದ್ದರೆ ಸಾಕು, ಓದಿದವರು ಇದನ್ನೇ ಕೇಳುತ್ತಾರೆ. ಕೊಲೆಗಾರನನ್ನು ಚಿಕ್ಕಂದಿನಲ್ಲಿ ಗೋಳು ಹೊಯ್ದುಕೊಂಡಿದ್ರಾ, ಇಲ್ಲಾ ಬೇಕಂತಲೇ ಲೆಕ್ಕ ಹಾಕಿ ಕೊಂದನಾ? ಎರಡರಲ್ಲಿ ಒಂದಕ್ಕೆ ನಾನು ಟಿಕ್ ಹಾಕಬೇಕು. ಹೇಳಿ ಹೇಳಿ ಬಾಯಿ ನೋವು ಬಂತು. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಎರಡೂ ಹೌದು, ಸ್ವಾಮಿ. ಮಹಾಭಾರತದ ಅಶ್ವತ್ಥಾಮನನ್ನೇ ನೋಡಿ. ಮನೆಯಲ್ಲಿ ಹಸುವಿಲ್ಲ. ಓರಗೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಹಾಲು ಅಂತ ಕುಡಿಸಿದರು. ಪಾಪ, ಹಾಲು ಕುಡಿದೆ ಅಂತ ಕುಣಿದ. ಸುತ್ತ ನಿಂತವರು ನಕ್ಕರು. ಬುಲ್ಲಿಯಿಂಗ್ ಅಂದರೆ ಇನ್ನೇನು? ಆದರೆ ಆ ನಗು ಅವನನ್ನು ಸೀದಾ ಪಾಂಡವರ ಶಿಬಿರಕ್ಕೆ ಕರೆದುಕೊಂಡು ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ, ಅಪ್ಪನನ್ನು ಮೋಸದಿಂದ ಕೊಂದರು ಅಂತ ಕುದಿಯುತ್ತಿದ್ದಾಗ, ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಕೊಲ್ಲುವುದನ್ನು ನೋಡಿದ. ಎದುರು ನಿಂತರೆ ಸೋಲು, ಮಲಗಿದ್ದಾಗ ಹೋದರೆ ಗೆಲುವು. ಸೋದರಮಾವ ಕೃಪ ಬೇಡವೆಂದರೂ ಕೇಳಲಿಲ್ಲ. ಕೊಲ್ಲಬೇಕು ಅನ್ನಿಸಿದ್ದು ಸಿಟ್ಟಿನಿಂದ. ಯಾವ ಹೊತ್ತಿಗೆ ಅನ್ನುವುದನ್ನು ಕಲಿಸಿದ್ದು ಗೂಬೆ.

ಈ ಗೂಬೆಯ ಲೆಕ್ಕವೇ ರ‍್ಯಾಷನಲ್ ಚಾಯ್ಸ್, ಅಂದರೆ ಲಾಭ-ನಷ್ಟ ತೂಗಿ ನೋಡಿ ಆರಿಸಿಕೊಳ್ಳುವುದು. 1968ರಲ್ಲಿ ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಅಪರಾಧಕ್ಕೆ ಅನ್ವಯಿಸಿ ಬರೆದ. ಅದು ಹೊಳೆದದ್ದು ಹೇಗೆ ಅಂತ ಅವನೇ ಹೇಳಿಕೊಂಡಿದ್ದಾನೆ. ವಿದ್ಯಾರ್ಥಿಯೊಬ್ಬನ ಪರೀಕ್ಷೆ ನಡೆಸಲು ಹೊರಟಿದ್ದ, ತಡವಾಗಿತ್ತು. ದಂಡ ಬೀಳುವ ಸಾಧ್ಯತೆ ಎಷ್ಟು ಅಂತ ಮನಸ್ಸಲ್ಲೇ ಗುಣಿಸಿ, ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ. ಗಾಂಧಿ ಬಜಾರಿನಲ್ಲಿ ದಿನಾ ನಡೆಯುವ ಗುಣಾಕಾರ ಇದು. ಅವನಿಗೆ 1992ರಲ್ಲಿ ನೊಬೆಲ್ ಸಿಕ್ಕಿತು, ನಮ್ಮವರ ಗಾಡಿ ಟೋ ಆಗುತ್ತದೆ. ಆ ನೊಬೆಲ್‌ಗೂ ಮುಂಚೆ, 1986ರಲ್ಲಿ, ಕಾರ್ನಿಶ್, ಕ್ಲಾರ್ಕ್ ಎಂಬ ಇಬ್ಬರು ಅಪರಾಧಶಾಸ್ತ್ರಜ್ಞರು ಅಪರಾಧಿಯ ಈ ಲೆಕ್ಕ ಅವಸರದ್ದು, ಅರೆಬರೆ ತಿಳಿವಳಿಕೆಯದ್ದು ಅಂದರು. ನನ್ನಂಥವರ ಹೊಟ್ಟೆಪಾಡು ಅದರಲ್ಲೇ ಇದೆ. ಲೆಕ್ಕ ತಪ್ಪದಿದ್ದರೆ ಕಥೆ ಎಲ್ಲಿ?

ಹೋದ ವರ್ಷ ಜಯನಗರದಲ್ಲೊಂದು ಸಂವಾದ. ಮುಗಿದ ಮೇಲೆ ಒಬ್ಬರು ಕಾಫಿ ಲೋಟ ಹಿಡಿದು ಹತ್ತಿರ ಬಂದರು. ದನಿ ಇಳಿಸಿ, ‘ನಿಮಗೂ ಹಂಗೇ ಹೊಡೀತಿದ್ರಾ ಸಾರ್?’ ಅಂದರು. ಆ ಮುಖದಲ್ಲಿದ್ದ ಮರುಕ ನೋಡಿ ಉರಿದುಹೋದೆ. ನನಗೆ ಯಾರೂ ಹೊಡೆದಿಲ್ಲ ಕಣ್ರೀ! ಕೇಳುವುದಿದ್ದರೆ, ಸುತ್ತ ನಿಂತು ನಕ್ಕವರ ಲೆಕ್ಕ ಏನಿತ್ತು ಅಂತ ಕೇಳಿ. ಅದು ನನಗೆ ಗೊತ್ತು.

ಏಳನೇ ಕ್ಲಾಸು. ‘ಸೋಡಾಬುಡ್ಡಿ’ ಅಂತ ಕರೆಯುತ್ತಿದ್ದ ಹುಡುಗನ ಕನ್ನಡಕ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ನನ್ನ ಕೈಗೂ ಬಂತು. ಒಂದು ಕಡ್ಡಿಗೆ ದಾರ ಸುತ್ತಿತ್ತು, ಬೆವರಿಗೆ ಅಂಟಂಟಾಗಿತ್ತು. ವಾಪಸ್ ಕೊಟ್ಟರೆ ನಾಳೆ ನನ್ನ ಸರದಿ. ಹಿಂದಿನ ಬೆಂಚಿಗೆ ದಾಟಿಸಿದೆ. ನಕ್ಕೆ ಕೂಡ.

ಅವನೇನೂ ಕೊಲೆಗಾರ ಆಗಲಿಲ್ಲ. ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಆಧಾರ್ ಕಾರ್ಡ್ ಕಾಪಿ ಮಾಡಿಸಲು ಹೋಗಿದ್ದೆ. ಕಾರ್ಡಿನ ಮೇಲಿದ್ದ ನನ್ನ ಹೆಸರನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. ‘ಎರಡೂ ಕಡೆ ಬೇಕಾ ಸಾರ್?’ ಅಂತ ಕೇಳಿದ.