ಹನ್ನೊಂದರ ಹಿಂದೆ ಹತ್ತು ಉಂಟು

ಹೊಸ ವರ್ಷಕ್ಕೆಂದು ಚರ್ಚಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೈಬಲ್ ವಚನ ಕೊಡುವ ವಾಗ್ದಾನದ ಚೀಟಿಯಲ್ಲಿ ನನಗೆ ಬಂದದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ಬಗ್ಗೆ ನನಗಿರುವುದು ಒಳ್ಳೆಯ ಯೋಚನೆ, ಕೇಡಿನದ್ದಲ್ಲ, ನಿಮಗೆ ಮುಂದೆ ನಿರೀಕ್ಷೆ ಇದೆ ಎಂದು ದೇವರು ಹೇಳುವ ವಚನ. ಕ್ಯಾಲೆಂಡರಿನಿಂದ ವಾಟ್ಸಾಪ್ ಸ್ಟೇಟಸ್‌ವರೆಗೆ ಎಲ್ಲಾ ಕಡೆ ಇರುತ್ತದಲ್ವಾ, ಅದೇ. ಬೆಂಗಳೂರಿನ ಕೆಲಸ ಅಕ್ಟೋಬರಿನಲ್ಲೇ ಹೋಗಿತ್ತು. ವಿಡಿಯೋ ಕಾಲ್‌ನಲ್ಲೇ ಮುಗಿಸಿದ್ದರು. ಎಚ್‌ಆರ್ ಹುಡುಗಿ, ಪಾಪ, ಮುಖ ಎತ್ತದೆ ಓದಿ ಹೇಳಿದ್ದಳು. ಹಾಗಾಗಿ ಚೀಟಿ ಬಿಚ್ಚಿದಾಗ ನನಗೆ ಕಣ್ಣು ತುಂಬಿ ಬಂತು.

ಮಂಗಳೂರಿನ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದು ಹೊರಗೆ ಬಂದವನು ಅದನ್ನು ದೊಡ್ಡಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಹನ್ನೊಂದು ಸರಿ ಮಾರಾಯ. ಹತ್ತು ಯಾರು ಓದ್ಲಿಕ್ಕೆ?"

ಅಷ್ಟೇ. ರಿಕ್ಷಾ ಹತ್ತಿ ಹೋದರು. ಸಂಡೇ ಸ್ಕೂಲ್ ನಡೆಸಿದವರು. ಯಾರ ಖುಷಿಗೂ ಒಂದು ತಿದ್ದುಪಡಿ ಇಟ್ಟುಕೊಂಡೇ ಇರುತ್ತಾರೆ.

ರಾತ್ರಿಯಿಡೀ ಅದೇ ಮಾತು. ಹತ್ತು ಯಾರು ಓದ್ಲಿಕ್ಕೆ? ಎದ್ದು ಹತ್ತನೇ ವಚನ ಓದಿದೆ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ ಉಂಟು. ಎಪ್ಪತ್ತು! ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಅಲ್ಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಓದಿಸಿಕೊಂಡವರಲ್ಲಿ ಹೆಚ್ಚಿನವರು ಊರಿನ ಮುಖ ನೋಡದೆ ಅಲ್ಲೇ ಸತ್ತಿರಬೇಕು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲಾ ಸರಿಯಾಗುತ್ತದೆ ಎಂದಿದ್ದ. ಜನಕ್ಕೆ ಅವನೇ ಇಷ್ಟ ಆಗಿದ್ದಿರಬೇಕು. ನಮ್ಮ ಚಿಕ್ಕಪ್ಪನ ಮಗನೂ ಅದೇ ಜಾತಿ. "ಫೆಬ್ರವರಿಯೊಳಗೆ ಕೆಲಸ ಗ್ಯಾರಂಟಿ, ನಂಬು ನೀನು" ಅಂತ ದಿನಾ ಮೆಸೇಜು. ಅವನ ಪ್ರೀತಿ ದೊಡ್ಡದೇ. ಆದರೆ ಆ ಮೆಸೇಜು ನೋಡಿದಾಗೆಲ್ಲ ಫೆಬ್ರವರಿ ಇನ್ನಷ್ಟು ಹತ್ತಿರ ಬಂದು ಹೆದರಿಸುತ್ತದೆ.

ಯೆರೆಮೀಯ ತಾರೀಕು ಹತ್ತಿರ ಮಾಡಲಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಒಯ್ದಿಟ್ಟ ಊರಿಗಾಗಿ ಪ್ರಾರ್ಥಿಸಿ ಎಂದ. ಈ ಮಾತನ್ನು ಚೀಟಿಯಲ್ಲಿ ಯಾರೂ ಹಾಕುವುದಿಲ್ಲ. ನಮ್ಮ ಹಿರಿಯರಿಗೆ ಮಾತ್ರ ಇದು ಗೊತ್ತಿತ್ತು ಅಂತ ಕಾಣ್ತದೆ. ಕ್ರೈಸ್ತರಾಗಿ ಮನೆ, ಕುಲಕಸುಬು ಕಳೆದುಕೊಂಡವರಿಗೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಗ್ಗ ಹಾಕಿಕೊಟ್ಟರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ಉದ್ಯಮಗಳನ್ನೇ ಕಿತ್ತುಕೊಂಡರು, ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟರು. ಆದರೂ ಸಭೆ ನಿಂತಿತು. ಆ ಕಾಲದವರಿಗೆ ಮುಂದಿನ ವರ್ಷದ ಗ್ಯಾರಂಟಿ ಯಾರು ಕೊಟ್ಟಿದ್ದರು?

ಬೆಂಗಳೂರಿನ ಓನರ್ ಅಂಕಲ್ ಬಾಡಿಗೆ ಕರಾರಿನ ಬಗ್ಗೆ ಕೇಳುತ್ತಲೇ ಇದ್ದರು. ಖಾಲಿ ಮಾಡುತ್ತೇನೆ ಎಂದು ಟೈಪ್ ಮಾಡಿಟ್ಟದ್ದನ್ನು ಅಳಿಸಿ, ಇನ್ನೊಂದು ವರ್ಷ ಇರುತ್ತೇನೆ ಅಂತ ಕಳಿಸಿದೆ. ಉಳಿತಾಯದ ಲೆಕ್ಕ ಹಾಕಿಯೇ ಕಳಿಸಿದ್ದು, ಸುಮ್ನೆ ಅಲ್ಲ.

ವಿಷಯ ತಿಳಿದ ದೊಡ್ಡಮ್ಮ ಶಹಬ್ಬಾಸ್ ಅನ್ನಲಿಲ್ಲ. ಬಸ್ಸಿಗೆ ಹೊರಡುವಾಗ ಒದ್ದೆ ಬಟ್ಟೆ ಸುತ್ತಿದ ಬಸಳೆ ದಂಟಿನ ಕಟ್ಟು ಕೈಗಿಟ್ಟರು. ಸಾಂಬಾರಿಗಲ್ಲ, ನೆಡಲಿಕ್ಕೆ. ಬಾಲ್ಕನಿಯಲ್ಲಿ ಚಪ್ಪರ ಎಲ್ಲಿ ಹಾಕುವುದು ಎಂದು ಕೇಳಿದ್ದಕ್ಕೆ, "ಬಟ್ಟೆ ಒಣಗಿಸುವ ಹಗ್ಗ ಇಲ್ವಾ?" ಅಂದರು.